ಬೆಸುಗೆ ತಪ್ಪಿರಲಿಲ್ಲ

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಭಾನುವಾರ ರೈಲುಗಳನ್ನೇ ನಿಲ್ಲಿಸುವ ಮೆಗಾ ಬ್ಲಾಕ್ ದಾಟಿಯೂ ಮಾಟುಂಗಕ್ಕೆ ಬಂದು ಸೇರಿರುವ ಸಭಿಕರೇ,

ಸುಬ್ಬಲಕ್ಷ್ಮಿಯವರು ನನ್ನನ್ನು 'ಹೈಡ್ರೋಜನ್ ಸೋಸುವ ವೆಂಕಟಸುಬ್ಬಯ್ಯ' ಎಂದು ಪರಿಚಯಿಸಿದರು. ಮನೆಯಲ್ಲಿ ಕಾಫಿ ಸೋಸುವವನೂ ನಾನೇ. ಪಲ್ಲೇಡಿಯಂ ಎಂಬ ಲೋಹದ ತೆಳು ಕೊಳವೆಯನ್ನು ಭಟ್ಟಿಯಲ್ಲಿ ಕಾಯಿಸಿ ಅದರೊಳಗೆ ಬೆರಕೆ ಅನಿಲ ಬಿಟ್ಟರೆ, ಹೈಡ್ರೋಜನ್ ಮಾತ್ರ ಲೋಹದ ಗೋಡೆಯನ್ನೇ ಹಾದು ಹೊರಬರುತ್ತದೆ. ಮಿಕ್ಕದ್ದೆಲ್ಲ ಒಳಗೇ ಉಳಿಯುತ್ತದೆ. ಇಷ್ಟಕ್ಕೇ ಈ ಸನ್ಮಾನ.

ಆದರೆ ಆ ಕೊಳವೆಗಳನ್ನು ಬೆಸೆದವರು ಯಾರು? ನಾನಲ್ಲ. ಬಾಗಲಕೋಟೆ ಕಡೆಯ ಗದಿಗೆಪ್ಪನವರು, ಚೆಂಬೂರಿನ ನಮ್ಮ ಪ್ರಯೋಗಾಲಯದ ವೆಲ್ಡರ್. ಬೆಸುಗೆ ಹಾಕುವಾಗ ಉಸಿರನ್ನೂ ಬಿಗಿಹಿಡಿಯುತ್ತಿದ್ದರು.

ಏಳು ವರ್ಷದ ಹಿಂದೆ, ದೊಡ್ಡ ಅಧಿಕಾರಿಗಳು ನೋಡಲು ಬಂದ ದಿನವೇ ಆರು ಕೊಳವೆಗಳೂ ಬಿರುಕು ಬಿಟ್ಟಿದ್ದವು. ಕಾರಣ ಕೇಳಿದರು. "ಬೆಸುಗೆ ಸರಿಯಿಲ್ಲ" ಎಂದೆ. ಬಾಗಿಲಲ್ಲಿ ನಿಂತಿದ್ದ ಗದಿಗೆಪ್ಪನವರು ಮೆಲ್ಲಗೆ ಕೇಳಿದರು: "ಸರ್, ಬೆಸುಗಿ ಗಟ್ಟಿ ಐತ್ರಿ. ಬಿರುಕು ಕೊಳವಿ ನಡುವ ಬಿಟ್ಟೈತಿ. ನಿನ್ನಿ ಭಟ್ಟಿ ಆರಸೂ ಮುಂದ ಒಳಗಿನ ಗ್ಯಾಸ್ ತಗದಿದ್ರೇನ್ರಿ?"

ತೆಗೆದಿರಲಿಲ್ಲ. ಹೈಡ್ರೋಜನ್ ತುಂಬಿರುವಾಗಲೇ ತಣ್ಣಗಾದರೆ ಪಲ್ಲೇಡಿಯಂ ಉಬ್ಬಿ ಒಡೆಯುತ್ತದೆ. ಇದನ್ನು ಹುಡುಗರಿಗೆ ಪಾಠ ಹೇಳಿದವನು ನಾನು! ಹಿಂದಿನ ಸಂಜೆ ಮಗಳು ಧಾತ್ರಿಯ ರಂಗಪ್ರವೇಶ. ಆತುರದಲ್ಲಿ ಭಟ್ಟಿಯ ಸ್ವಿಚ್ ಆರಿಸಿ ಲೋಕಲ್ ರೈಲು ಹಿಡಿದಿದ್ದೆ. ಅದು ಮರೆವು ಎನ್ನೋಣ. ಆದರೆ ಅಷ್ಟು ಜನರೆದುರು, ಗದಿಗೆಪ್ಪನವರ ಮುಖ ನೋಡಿ, "ತೆಗೆದಿದ್ದೆ" ಎಂದೆನಲ್ಲ, ಅದಕ್ಕೆ ಏನೆನ್ನೋಣ?

ಅವರ ಕೆಲಸ ಹೋಯಿತು. ಆಮೇಲೆ ಭಟ್ಟಿ ಆರಿಸುವ ಮುನ್ನ ಹೈಡ್ರೋಜನ್ ಹೊರದೂಡುವುದನ್ನು ನಾನು ಒಮ್ಮೆಯೂ ಮರೆಯಲಿಲ್ಲ. ಒಂದು ಕೊಳವೆಯೂ ಒಡೆಯಲಿಲ್ಲ. ಹೊಸ ವೆಲ್ಡರನ ಕೈಗುಣ ಎಂದು ಎಲ್ಲರೂ ಹೊಗಳಿದರು. ನಾನೂ ತಲೆಯಾಡಿಸಿದೆ.

ಕಳೆದ ವಾರ ಗದಿಗೆಪ್ಪನವರನ್ನು ಹುಡುಕಿಕೊಂಡು ಸಾಂತಾಕ್ರೂಜಿಗೆ ಹೋದೆ. ಕಿಟಕಿಯ ಗ್ರಿಲ್ ಬೆಸೆಯುತ್ತಿದ್ದರು. ತಪ್ಪೊಪ್ಪಿಕೊಂಡೆ. ಬೆಸುಗೆಯ ಕಡ್ಡಿ ಕೆಳಗಿಟ್ಟು, "ನನಗ ಅವತ್ತ ಗೊತ್ತಿತ್ರಿ ಸರ್," ಎಂದರು. "ನನ್ನ ಹೇಣ್ತಿ ಗುರುಬಾಯಿ ನಂಬಲಿಲ್ಲ. ಸರ್ ಸುಳ್ಳು ಹೇಳ್ತಾರೇನು ಅಂದ್ಳು. ನನಗ ಹೇಳಬ್ಯಾಡ್ರಿ, ಅಕಿಗೆ ಹೇಳ್ರಿ."

ಅವರಿಲ್ಲಿಗೆ ಬಂದಿಲ್ಲ. ಪತ್ನಿಯನ್ನು ಕಳಿಸಿದ್ದಾರೆ.

ಗುರುಬಾಯಿಯವರೇ, ಸರ್ ಸುಳ್ಳು ಹೇಳಿದ್ದರು. ನಿಮ್ಮ ಯಜಮಾನರ ಬೆಸುಗೆ ತಪ್ಪಿರಲಿಲ್ಲ. ಪ್ರಯೋಗಾಲಯಕ್ಕೂ ನಿನ್ನೆ ಇದನ್ನೇ ಬರೆದುಕೊಟ್ಟಿದ್ದೇನೆ.

ಬಾಗಿಲ ಬಳಿ ನಿಂತವರು ದಯವಿಟ್ಟು ದಾರಿ ಬಿಡಿ. ಆ ತಾಯಿ ಎದ್ದಿದ್ದಾರೆ, ಅವರು ಬೇಗ ಮನೆಗೆ, ಯಜಮಾನರ ಬಳಿಗೆ ಹೋಗಬೇಕು.

ಕೇಳಿಸಿಕೊಂಡಿರಿ, ನಿಮ್ಮ ಉಪಕಾರ ದೊಡ್ಡದು. ನಮಸ್ಕಾರ.