ಹಿಡಿ ಕತ್ತರಿಸಿದ ಚಮಚ

೧೯೭೧ರ ಚಳಿಗಾಲ, ಬೆಳಗಿನ ಆರು ಗಂಟೆ. ಮುಂಬಯಿಯ ಕುರ್ಲಾದಲ್ಲಿ ಪೊವಾಯಿ ಕೆರೆಯ ಕಡೆ ಹೋಗುವ ಬಸ್ಸಿಗೆ ಸಾಲಿನಲ್ಲಿ ನಿಂತಿದ್ದ ಮುದುಕ ಬಂಡೆಪ್ಪನ ಕಿವಿಗೆ ಮುಂದಿದ್ದ ಇಬ್ಬರ ಕನ್ನಡ ಬಿತ್ತು. ಇಬ್ಬರೂ ಉಡುಪಿ ಹೋಟೆಲಿನ ಕೆಲಸದವರು, ಅಂದು ಭಾನುವಾರ, ಅವರಿಗೆ ರಜೆ. ಸೀನ ಎಂಬವನು ಹಿಡಿ ಕತ್ತರಿಸಿದ ಚಮಚಕ್ಕೆ ಮೀನಿನ ಗಾಳ ಸಿಕ್ಕಿಸುತ್ತಿದ್ದ.

“ಎರಡೂ ತುದಿಗೆ ತೂತು ಕೊರೆದದ್ದಾ?” ಎಂದ ಜೊತೆಯ ಚೆನ್ನಯ.

“ಹೌದು ಚೆನ್ನಯಣ್ಣ. ಇದು ನೀರಲ್ಲಿ ಮಿಂಚಿದ್ರೆ ಮೀನು ಹಾರಿ ಬರ್ತದೆ.”

“ಎಸೆದ ಕೂಡ್ಲೇ ದಾರ ಎಳೀಬೇಕು ಮಾರಾಯ. ನೀನು ಬೀಡಿ ಹಚ್ಚಿ ಕೂತ್ರೆ ಚಮಚ ತಳಕ್ಕೆ ಹೋಗಿ ಬಳ್ಳಿಗೆ ಸಿಕ್ಕಿಕೊಳ್ತದೆ.”

“ಹಾಗೇ ಮೂರು ಹೋಯ್ತು. ಇದು ನಾಲ್ಕನೇದು.”

“ಹೋಟೆಲಿನದ್ದಾ?”

ಸೀನ ಚಮಚವನ್ನು ಚೀಲದೊಳಗೆ ಸೇರಿಸಿದ.

“ಅಯ್ಯೋ ಪಾಪಿ! ಚಮಚ ಕದ್ದಳು ಅಂತ ಧಣಿ ಭಟ್ರು ನಿನ್ನೆ ಪಾತ್ರೆ ತೊಳೆಯುವ ನೀಲಾವತಿಯನ್ನು ಕೆಲಸದಿಂದ ಬಿಡಿಸಿದ್ರಲ್ಲ! ಹೋಗಿ ಹೇಳು.”

“ಬರೀ ಕದ್ದೆ ಅಂದ್ರೆ ಕಾಲು ಹಿಡಿದಾದ್ರೂ ಉಳ್ಕೊಳ್ಬಹುದು. ಮೀನಿಗೆ ಅಂತ ಕದ್ದೆ ಅಂದ್ರೆ ಭಟ್ರು ಇನ್ನು ಅಡುಗೆಮನೆಗೆ ಸೇರಿಸ್ತಾರಾ?”

“ಅವಳಿಗೆ ಮೂರು ಮಕ್ಕಳುಂಟು ಸೀನ.”

ಬಸ್ಸು ಬಂತು. ಚೆನ್ನಯ ಹತ್ತಲಿಲ್ಲ; ಹೋಟೆಲಿನ ಕಡೆ ತಿರುಗಿ ನಡೆದ.

“ಅಣ್ಣ, ನನ್ನ ಹೆಸರು ಹೇಳ್ಬೇಡಿ!” ಎಂದು ಕೂಗುತ್ತಲೇ ಸೀನ ಬಸ್ಸು ಹತ್ತಿ ಹೋದ.