ನೂರಾ ನಲವತ್ತೇಳರ ಕಲ್ಲು

ಈ ಸಲ ಒಂದಕ್ಷರ ಸುಳ್ಳು ಹೇಳಿದ್ರೆ ನನ್ನ ಉಳಿದೆರಡು ಹಲ್ಲೂ ಉದುರಿಹೋಗ್ಲಿ ಪುಟ್ಟಿ. ದೀಪ ಸಣ್ಣ ಮಾಡು... ಹಾಂ.

ನಮ್ಮ ಚಿಕ್ಕಮ್ಮನ ಮಗ ಒಬ್ಬನಿದ್ದ. ರಸ್ತೆ ಬದಿ ಕಲ್ಲುಗಳಿಗೆ ಬಣ್ಣ ಹೊಡೆದು ನಂಬರು ಬರೆಯೋ ಕೆಲಸ. ಊರೆಲ್ಲ ಬ್ರಷ್ಷಣ್ಣ ಅಂತಿತ್ತು. ಒಂದು ರಾತ್ರಿ ಡಬ್ಬಿ ಹಿಡ್ಕೊಂಡು ಮನೆಗೆ ಬರ್ತಿದ್ದಾನೆ. ದಾರೀಲಿ ಆಲದ ಮರ... ಅದರಡಿ ಸಿಪಾಯಿಗಳ ಒಂದು ಪಲ್ಟನ್ನು ಮಲಗಿದ್ರೂ ಇನ್ನೂ ಜಾಗ ಮಿಗುತ್ತೆ! ಅಲ್ಲೇ ದೊಡ್ಡ ರಸ್ತೆ ಕವಲೊಡೆಯೋದು. ಕವಲಿಗೊಂದು ಕಲ್ಲು.

ಕಲ್ಲಿನ ಹತ್ತಿರ ಸದ್ದು.

ಕರ್ರ್... ಕರ್ರ್...

ಒಣಗಿದ ಬಣ್ಣಾನ ಉಗುರಲ್ಲಿ ಕೆರೆದ ಹಾಗೆ. ಬ್ರಷ್ಷಣ್ಣ ಅಲ್ಲೇ ನಿಂತ. ಆ ಸದ್ದು ಅವನಿಗೆ ಗೊತ್ತು. ಮಗಳು ಚಿಕ್ಕವಳಿದ್ದಾಗ ಅವನ ತೊಡೆ ಮೇಲೆ ಕೂತು, ಅವನ ಕೈಗಂಟಿದ ಬಣ್ಣ ಹೀಗೇ ಕೆರೀತಿದ್ಲು.

ಆ ಹುಡುಗಿಗೆ ಅಕ್ಷರ ತಲೆಗೆ ಹತ್ತಲಿಲ್ಲ, ಅಂಕಿ ಹತ್ತಿತು. "ನೋಡು ಮಗಳೇ, ದೇಶದ ಉದ್ದಕ್ಕೆ ಹೋಗೋ ರಸ್ತೆಗೆ ಸಮ ಸಂಖ್ಯೆ, ಅಡ್ಡಕ್ಕೆ ಹೋಗೋದಕ್ಕೆ ಬೆಸ. ಕವಲು ಹೊರಟ್ರೆ ತಾಯಿರಸ್ತೆ ನಂಬರಿನ ಮುಂದೆ ಇನ್ನೊಂದಂಕಿ. ನಮ್ಮ ತಾಯಿರಸ್ತೆ ನಲವತ್ತೇಳು, ಕವಲು ನೂರಾ ನಲವತ್ತೇಳು. ಅದನ್ನ ಹಿಡಿ, ಮನೆ ಸಿಗುತ್ತೆ."

"ಎಷ್ಟು ದೂರ ಹೋದ್ರೂ ತಾಯಿ ನಂಬರು ಬಿಡಲ್ವಾ ಅಪ್ಪ?"

"ಬಿಡಲ್ಲ."

ದೊಡ್ಡವಳಾಗಿ ಪಟ್ಟಣದ ನೂಲಿನ ಗಿರಣಿ ಸೇರಿದ್ಲು. ಅಷ್ಟರಲ್ಲಿ ಮೇಲಿನವರ ತಲೆಗೆ ಏನು ಹೊಕ್ಕಿತೋ, ದೇಶದ ರಸ್ತೆಗೆಲ್ಲ ಹೊಸ ನಂಬರು. ನಲವತ್ತೇಳು ಹೋಗಿ ಹದಿನೈದಾಯ್ತು. ಕವಲು ಮುನ್ನೂರ ಹದಿನೈದು. "ಜನಕ್ಕೆ ಮೊದಲು ತಿಳಿಸಿ ಸ್ವಾಮಿ" ಅಂದ ಇವನು. "ಏನೋ, ಬ್ರಷ್ಷಿಗೂ ಬಾಯಿ ಬಂತಾ?" ಅಂದ ಮೇಸ್ತ್ರಿ. ಇವನು ತನ್ನ ಕೈಯಾರೆ ಹಳೇ ನಂಬರಿನ ಮೇಲೆ ಹಳದಿ ಬಣ್ಣ ಬಳಿದು ಹೊಸದು ಬರೆದ.

ಜನಕ್ಕೆ ತಿಳಿಸಿ ಅಂದವನು, ಮಗಳಿಗೆ ತಿಳಿಸೋದು ಮರೆತ.

ಅವಳು ರಜೆಗೆ ಹೊರಟ್ಲು. ಲಾರಿಯವನು ಕತ್ತಲಲ್ಲಿ ಇಳಿಸಿ ಹೋದ. ಮಂಜು ಅಂದ್ರೆ ಮಂಜು... ಅಂಥಾ ಮರಾನೇ ನುಂಗಿಬಿಟ್ಟಿತ್ತು. ಕಡ್ಡಿ ಗೀರಿ ಕಲ್ಲು ನೋಡಿದ್ಲು. ಮುನ್ನೂರ ಹದಿನೈದು. ನಮ್ಮದಲ್ಲ ಅಂತ ಮುಂದೆ ನಡೆದ್ಲು. ಮುಂದೆ ಹೊಳೆ ಮೇಲಿನ ಸೇತುವೆ ಕಿತ್ತಿದ್ರು, ಅವಳಿಗೆ ಕಾಣಲಿಲ್ಲ.

ಬೆಳಿಗ್ಗೆ ಕಲ್ಲಿನ ಬುಡದಲ್ಲಿ ಸುಟ್ಟ ಬೆಂಕಿಕಡ್ಡಿಗಳು ಸಿಕ್ಕಿದ್ವು. ಒಂದಲ್ಲ. ನಂಬಲಾರದೆ ಮತ್ತೆ ಮತ್ತೆ ಗೀರಿದ್ಲು, ಪಾಪ.

ಅದಾಗಿ ಕೆಲವು ದಿನಕ್ಕೇ ಈ ಸದ್ದು.

"ಯಾರು?" ಪಿಸುಗುಟ್ಟಿದ.

ಕೆರೆತ ನಿಂತಿತು.

"ಅಪ್ಪಾ... ನಮ್ಮ ನಂಬರು ಎಲ್ಲಿ?"

"ಅಳಿಸಿಬಿಟ್ಟೆ ಮಗಳೇ."

"ಯಾಕೆ?"

ಮಂಡಿಯೂರಿದ. ಡಬ್ಬಿ ಮುಚ್ಚಳ ಟಕ್ ಅಂತು. ಆ ಕತ್ತಲಲ್ಲೇ ಕೈ ಅಂದಾಜಿನ ಮೇಲೆ ಬರೆದ... ಸರಕ್, ಸರಕ್... ನೂರಾ ನಲವತ್ತೇಳು.

"ಈಗ ಕಾಣುತ್ತಾ?"

ಎದ್ದು ಮನೆ ಕಡೆ ನಡೆದ. ಹಿಂದೆ ಜಲ್ಲಿ ಮೇಲೆ ಹೆಜ್ಜೆ... ಚರಕ್, ಚರಕ್... ಅವನು ತಿರುಗಲಿಲ್ಲ. ತಿರುಗಿದ್ರೆ ಎಲ್ಲಿ ನಿಂತುಬಿಡುತ್ತೋ ಅನ್ನೋ ಭಯ. ಮನೆಗೆ ಬಂದು ಬಾಗಿಲು ತೆರೆದೇ ಬಿಟ್ಟ.

"ಯಾರು ಬರ್ತಾರೆ ಅಂತ ತೆಗೆದಿಟ್ಟಿದ್ದೀರಿ?" ಅಂದ್ಲು ಹೆಂಡತಿ.

"ಗಾಳಿ ಬರ್ಲಿ ಅಂತ."

ಬೆಳಿಗ್ಗೆ ನೋಡಿದ್ರೆ, ಮೂಲೇಲಿ ಸುತ್ತಿಟ್ಟಿದ್ದ ಮಗಳ ಚಾಪೆ ಬಿಚ್ಚಿತ್ತು. ದಿಂಬಿನ ಮೇಲೆ ಒಣಗಿದ ಹಳದಿ ಬಣ್ಣದ ಚಕ್ಕೆಗಳು. ಉಗುರಿಂದ ಉದುರಿದ ಹಾಗೆ. ಗಂಡ ಹೆಂಡತಿ ಇಬ್ಬರೂ ಅದನ್ನ ಗುಡಿಸಲಿಲ್ಲ.

ಆ ಕೆರೆತ ಮತ್ತೆ ಯಾರಿಗೂ ಕೇಳಲಿಲ್ಲ. ಆಮೇಲೆ ರಸ್ತೆ ಅಗಲ ಮಾಡುವಾಗ ಆ ಕಲ್ಲನ್ನ ಕಿತ್ತು, ಒಡೆದು ಜಲ್ಲಿ ಮಾಡಿದ್ರು. ಬ್ರಷ್ಷಣ್ಣನೂ ಹೋಗಿಬಿಟ್ಟ.

ನಡೆದದ್ದು ಪುಟ್ಟಿ, ನಿನ್ನಾಣೆ. ಹೋದ ವಾರ ನಾನೇ ಆ ಕಡೆ ಹೋಗಿದ್ದೆ. ಕಲ್ಲು ಮುಟ್ಟಿ ನೋಡ್ದೆ. ಬಣ್ಣ ಇನ್ನೂ ಹಸಿ...

"ತಾತಾ! ಒಡೆದು ಜಲ್ಲಿ ಮಾಡಿದ ಕಲ್ಲನ್ನ ಹೋದ ವಾರ ಹೇಗೆ ಮುಟ್ಟಿದೆ ನೀನು?"