ಏಳು ಗೊಂಬೆಗಳು ಸಿಕ್ಕ ಬಗ್ಗೆ

ನಾನು, ವಯಸ್ಸು 46 ವರ್ಷ, ವೃತ್ತಿಯಲ್ಲಿ ಮಕ್ಕಳ ಮನೋಚಿಕಿತ್ಸಕಿ, ವಾಸ ಚಿಕಿತ್ಸಾ ಕೊಠಡಿಯಿರುವ ಕಟ್ಟಡದ ಎರಡನೇ ಮಹಡಿ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಈ ಪ್ರಕರಣದ ಹನ್ನೊಂದು ವರ್ಷದ ಹುಡುಗಿ ಎರಡು ವರ್ಷಗಳಿಂದ ಮಂಗಳವಾರ ಮತ್ತು ಶುಕ್ರವಾರ ಸಂಜೆ 4ಕ್ಕೆ ನನ್ನ ಬಳಿ ಬರುತ್ತಾಳೆ. ಕದಿಯುತ್ತಾಳೆಂದು ಶಾಲೆಯವರು ಕಳುಹಿಸಿದ್ದರು. ಇವಳ ಕೈಗೂ ಕಾಲಿವೆ ಎಂದು ಹೇಳಿ, ಅವಳನ್ನು ಸಾಕಿದ ಅಜ್ಜಿ ಮೊದಲ ದಿನ ನಗಲು ಯತ್ನಿಸಿದರು. ಆಮೇಲೆ, ಮಗು ಎರಡು ವರ್ಷದವಳಿದ್ದಾಗ ತಾಯಿ ಮನೆಯಲ್ಲೇ ತೀರಿಕೊಂಡದ್ದು, ಒಳಗಿನಿಂದ ಚಿಲಕ ಹಾಕಿದ್ದರಿಂದ ಮಗು ಒಂದೂವರೆ ದಿನ ತಾಯಿಯ ಪಕ್ಕದಲ್ಲೇ ಇದ್ದದ್ದು ತಿಳಿಸಿದರು. ಕದಿಯುವ ಈ ಮಗು ತನ್ನಿಂದ ಹೋದದ್ದನ್ನೇ ಹುಡುಕುತ್ತಿದೆ ಎಂದು ನಾನು ಶಾಲೆಗೆ ಬರೆದುಕೊಟ್ಟಿದ್ದೆ.

ನಮ್ಮ ಕೆಲಸದಲ್ಲಿ ಪ್ರತಿ ಮಗುವಿಗೂ ಒಂದು ಆಟಿಕೆ ಪೆಟ್ಟಿಗೆ, ಅದರಲ್ಲಿ ತಾಯಿ, ತಂದೆ, ಮಗುವಿನ ಬಟ್ಟೆಗೊಂಬೆಗಳಿರುತ್ತವೆ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಮುರಿದದ್ದನ್ನೂ ಹಾಗೇ ಇಡಬೇಕು. ಇವಳು ಪ್ರತಿ ಸಲ ತಾಯಿಗೊಂಬೆಗೆ ಕರವಸ್ತ್ರ ಹೊದಿಸಿ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದಳು. ಎಂಟು ತಿಂಗಳಿಂದ ಏನನ್ನೂ ಕದ್ದಿರಲಿಲ್ಲ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆಗಳಿರುವ ಕಪಾಟು ಒರೆಸುವಾಗ ನೋಡಿದೆ. ಆ ಗೊಂಬೆಯ ಕುತ್ತಿಗೆ ಹರಿದು ಹತ್ತಿ ಹೊರಬಂದಿತ್ತು, ವಾಸನೆ ಹಿಡಿದಿತ್ತು. ಕಸಕ್ಕೆ ಹಾಕಿ ಹೊಸದನ್ನಿಟ್ಟೆ. ಶುಚಿಗಾಗಿ ಹಾಕಿದೆನೋ, ನನಗೇ ನೋಡಲಾಗದೆ ಹಾಕಿದೆನೋ, ಖಚಿತವಾಗಿ ಹೇಳಲಾರೆ.

ನಿನ್ನೆ ಮಂಗಳವಾರ 4.05ಕ್ಕೆ ಅವಳು ಪೆಟ್ಟಿಗೆ ತೆರೆದು, ಹಳೆಯದು ಎಲ್ಲಿ ಎಂದು ಕೇಳಿದಳು. ಹಾಳಾಗಿತ್ತು, ಎಸೆದೆ ಎಂದೆ.

“ಹಾಳಾಗಿರ್ಲಿಲ್ಲ ಮಿಸ್. ಮಲಗಿದ್ಲು,” ಎಂದಳು.

ಬಳಿಕ ಕುರ್ಚಿಯಿಂದ ಕಪಾಟಿನ ಗಾಜು ಒಡೆದು, ಉಳಿದ ಮಕ್ಕಳ ಪೆಟ್ಟಿಗೆಗಳಿಂದ ಏಳು ತಾಯಿಗೊಂಬೆಗಳನ್ನು ತೆಗೆದುಕೊಂಡು ಓಡಿದಳು. ತಡೆಯಲು ಬಂದ ಕಟ್ಟಡದ ಕಾವಲುಗಾರರ ಕೈ ಕಚ್ಚಿದಳು. ದೂರು ಕೊಟ್ಟವರು ಅವರೇ. 4.40ಕ್ಕೆ ಕಟ್ಟಡದ ಹಿಂದೆ, ಸುಮಾರು 60 ಅಡಿ ದೂರದ ಕಸದ ತೊಟ್ಟಿಯ ಬಳಿ ಸಿಕ್ಕಳು. ಏಳೂ ಗೊಂಬೆಗಳನ್ನು ಸಾಲಾಗಿ ಮಲಗಿಸಿ ತನ್ನ ಸ್ವೆಟರ್ ಹೊದಿಸಿದ್ದಳು. ತೊಟ್ಟಿಯೊಳಗೆ ಇನ್ನೂ ಹುಡುಕುತ್ತಿದ್ದಳು. ಕಸದ ಗಾಡಿ ಬೆಳಿಗ್ಗೆಯೇ ಬಂದು ಹೋಗಿತ್ತು. ನಾನು ಅದನ್ನು ಹೇಳಲಿಲ್ಲ, ಜೊತೆಗೆ ಹುಡುಕಿದೆ.

ಇದು ಅವಳ ಮೇಲಿನ ಮೂರನೇ ದೂರು, ಕಳ್ಳತನವಾಯಿತೆಂದು ನಾನೂ ಸಹಿ ಹಾಕಿದರೆ ಬಾಲಮಂದಿರಕ್ಕೆ ಕಳುಹಿಸಬೇಕಾಗುತ್ತದೆ ಎಂದು ಅಧಿಕಾರಿಯವರು ತಿಳಿಸಿದರು. ನನ್ನ ದೂರು ಏನೂ ಇಲ್ಲ. ಶುಕ್ರವಾರ 4ಕ್ಕೆ ಅವಳು ಬರುತ್ತಾಳೋ ಇಲ್ಲವೋ ತಿಳಿಯದು. ಪೆಟ್ಟಿಗೆಯಿಂದ ಹೊಸ ಗೊಂಬೆಯನ್ನು ತೆಗೆದಿದ್ದೇನೆ, ಕರವಸ್ತ್ರ ಅಲ್ಲೇ ಇದೆ.

ಬರೆದುಕೊಂಡದ್ದನ್ನು ಓದಿ ಹೇಳಿದರು, ಕೇಳಿದೆ. ಗೊಂಬೆ ‘ಕಳೆದುಹೋಯಿತು’ ಎಂದಿದ್ದ ಕಡೆ ‘ಎಸೆದೆ’ ಎಂದು ತಿದ್ದಿಸಿದ್ದೇನೆ. ಮಿಕ್ಕಿದ್ದೆಲ್ಲ ನಾನು ಹೇಳಿದ್ದೇ, ಸತ್ಯ.

ಸ್ಥಳ: ಠಾಣೆ
ದಿನಾಂಕ: 14, ಬುಧವಾರ, ಬೆಳಿಗ್ಗೆ 11.20
(ಸಹಿ)